ಎಡಮೂಲೆಯ ಐದು ಬೆಟ್ಟ

"ನಿಲ್ಸಿ ನಲ್ಲಪ್ಪೋರೆ, ಅಲ್ಲೇ ನಿಲ್ಸಿ."

ನಲ್ಲಪ್ಪ ಗುಂಡಿ ಒತ್ತಿದರು. ಅವರ ಮನೆಯ ಹಳೇ ಟಿವಿಯ ಪರದೆಯ ಮೇಲೆ ಕವಿತ, ಏನೋ ಹೇಳಲು ಬಾಯಿ ತೆರೆದವಳು, ತೆರೆದಂತೆಯೇ ನಿಂತಳು. ಟೇಪಿಗೆ ದನಿಯಿರಲಿಲ್ಲ. ಮೂರು ನಿಮಿಷ ತುಟಿ ಆಡುತ್ತಿತ್ತು, ಅಷ್ಟೇ.

ಆಂಜಿನಮ್ಮ ಕತ್ತು ನೀವಿಕೊಂಡಳು. ಅರವತ್ತೆರಡರ ಕತ್ತು. ಎ.ಎಸ್.ಐ. ಆಗಿ ನಿವೃತ್ತಳಾದ ಮೇಲೆ ವಕೀಲರಿಗೆ ಸಾಕ್ಷಿ ಹುಡುಕಿಕೊಡುವ ಕೆಲಸ ಹಿಡಿದಿದ್ದಳು. ಈ ಹನ್ನೊಂದು ದಿನ ಟೇಪು ನೋಡುವುದೊಂದೇ ಕೆಲಸವಾಗಿ, ರಾತ್ರಿ ಕಣ್ಣು ಮುಚ್ಚಿದರೂ ರೆಪ್ಪೆಯ ಒಳಗೆ ಗೆರೆಗಳು ಓಡುತ್ತಿದ್ದವು.

ಪಕ್ಕದಲ್ಲಿ ಕವಿತಳ ಮಗಳು ಸೌಜನ್ಯ ಕೂತಿದ್ದಳು. ಇಪ್ಪತ್ತೊಂದು ವರ್ಷದ ಹಿಂದೆ ಕಾಣೆಯಾದ ತಾಯಿಯ ಮೂಳೆಗಳು ಈ ಬೇಸಿಗೆಯಲ್ಲಿ ಸ್ಕಂದಗಿರಿ ತಪ್ಪಲಿನ ಹಾಳುಬಾವಿಯಲ್ಲಿ ಸಿಕ್ಕಿದ್ದವು. ತಂದೆ ಸುನೀಲ್‌ಕುಮಾರ್ ಕೊಲೆಯ ಆರೋಪದ ಮೇಲೆ ಎರಡು ತಿಂಗಳಿಂದ ಜೈಲಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಜಾಮೀನಿನ ವಿಚಾರಣೆ.

"ಆಂಟಿ, ಈ ಟೇಪ್ ಆಗಲೇ ನೋಡಿ ಆಗಿದೆಯಲ್ಲ," ಎಂದಳು ಸೌಜನ್ಯ. "ಹಳೇ ಲೋಗೊ ಇದೆ, ಹಳೇ ಟೇಪು. ಪೊಲೀಸರೇ ಅವತ್ತು ಹಾಗಂತ ಬರೆದಿದ್ದಾರೆ."

"ಬರೆದೋಳು ನಾನೇ ಕಣಮ್ಮ. ಅದಕ್ಕೇ ಇನ್ನೊಂದ್ಸಲ ನೋಡ್ತಾ ಇದ್ದೀನಿ."

ಆಗ ಅವಳು ಚಿಕ್ಕಬಳ್ಳಾಪುರದ ಒಂದು ಹೊರಠಾಣೆಯಲ್ಲಿ ಪೇದೆ. ಕವಿತ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಟಿವಿ ಸ್ಟೇಷನ್ನಿನಿಂದ ಬಂದ ಹನ್ನೆರಡು ಟೇಪುಗಳನ್ನು ಅವಳ ಮೇಜಿಗೆ ಹಾಕಿ, ನೋಡಿ ಬರಿ ಎಂದಿದ್ದರು. ನೋಡಿದಳು, ಬರೆದಳು, ಮುಚ್ಚಿದಳು. ಸರ್ಕಾರಿ ಕೆಲಸದಲ್ಲಿ ಬರೆದು ಮುಚ್ಚಿದ್ದು ಮುಚ್ಚಿದ ಹಾಗೆಯೇ. ಬಾವಿಯ ಹೂಳೆತ್ತುವವರು ಬಂದಾಗಲೇ ಮೇಲೆ ಬರುವುದು.

"ಈಗ ಯಾಕೆ ನಿಲ್ಸಿದ್ರಿ?"

"ಕತ್ತು ನೋಯ್ತು."

ಸೌಜನ್ಯ ನಕ್ಕಳು. ಆಂಜಿನಮ್ಮ ನಗಲಿಲ್ಲ.

"ತಮಾಷೆ ಅಲ್ಲಮ್ಮ. ಹನ್ನೊಂದು ದಿನದಿಂದ ನಾವು ಆ ಹಳೇ ಲೋಗೊ ನೋಡಕ್ಕೆ ಯಾವ ಕಡೆ ಕತ್ತು ತಿರುಗಿಸ್ತಿದ್ವಿ? ಬಲಗಡೆ. ಈ ಟೇಪಲ್ಲಿ ಎಡಗಡೆ ತಿರುಗಿಸ್ದೆ, ನರ ಹಿಡ್ಕೊಂತು."

ಮೂವರೂ ಪರದೆ ನೋಡಿದರು. ಎಡಮೂಲೆಯಲ್ಲಿ, ಹಸಿರು ಗೆರೆಯಲ್ಲಿ, ಐದು ಬೆಟ್ಟಗಳು.

ನಲ್ಲಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಎಂಜಿನಿಯರ್ ಆಗಿ ಇಪ್ಪತ್ತೆಂಟು ವರ್ಷ ಆ ಸ್ಟೇಷನ್ ನಡೆಸಿದವರು ಅವರು.

"ಏಮಮ್ಮಾ ಇದಿ," ಎಂದರು ತಮ್ಮಷ್ಟಕ್ಕೇ, ತೆಲುಗಿನಲ್ಲಿ. "ಇದು ಹೆಂಗೆ ಇಲ್ಲಿಗೆ ಬಂತು?"

"ಅದನ್ನ ನೀವೇ ಹೇಳ್ಬೇಕು."

"ಮೊದಲಿಂದ ಹೇಳ್ತೀನಿ ಇರಿ. ಇಲ್ದಿದ್ರೆ ನನಗೇ ಗೊಂದಲ."

ಐದುಬೆಟ್ಟ ವಾಹಿನಿ ಅಂದರೆ ಸುತ್ತಿನ ನಾಲ್ಕು ತಾಲ್ಲೂಕಿನವರು ಸೇರಿ ಟ್ರಸ್ಟು ಮಾಡಿ ಕಟ್ಟಿದ ಸಾರ್ವಜನಿಕ ಟಿವಿ. ಶುರುವಾದಾಗ ಮೂಲೆಯ ಲೋಗೊಗೆ ಯಂತ್ರ ಇರಲಿಲ್ಲ. ಚಿಂತಾಮಣಿಯ ಬೋರ್ಡು ಬರೆಯುವವನೊಬ್ಬ ಗಾಜಿನ ಮೇಲೆ ಐದು ಬೆಟ್ಟ ಬರೆದುಕೊಟ್ಟ. ಆ ಗಾಜಿನ ಮುಂದೆ ಇನ್ನೊಂದು ಕ್ಯಾಮೆರಾ ನಿಲ್ಲಿಸಿ, ಎರಡು ಚಿತ್ರ ಬೆರೆಸಿ ಬಿಡುತ್ತಿದ್ದರು. ಸ್ಟೇಷನ್ನಿನವರು ಅದನ್ನು ಬೊಟ್ಟು ಅನ್ನುತ್ತಿದ್ದರು. ಮುಖಕ್ಕೆ ಬೊಟ್ಟು ಇದ್ದ ಹಾಗೆ.

"ಒಂದ್ಸಲ ಆ ಗಾಜಿನ ಮೇಲೆ ನೊಣ ಕೂತು, ಕೃಷಿ ಕಾರ್ಯಕ್ರಮ ಮುಗಿಯೋವರೆಗೂ ಬೆಟ್ಟ ಹತ್ತಿ ಇಳೀತಿತ್ತು," ಎಂದರು ನಲ್ಲಪ್ಪ. "ನಗರಗೆರೆಯಿಂದ ಒಬ್ಬರು ಫೋನ್ ಮಾಡಿ, 'ಸ್ವಾಮಿ, ನಿಮ್ಮ ನಂದಿ ಬೆಟ್ಟಕ್ಕೆ ಕರಡಿ ಬಂದೈತೆ' ಅಂದ್ರು."

ಆಮೇಲೆ ಯಂತ್ರ ಬಂತು. ಗಾಜಿನ ಬೆಟ್ಟ ಹಸಿರು ಗೆರೆಯ ಬೆಟ್ಟವಾಯಿತು. ನಡುವೆ ಒಂದು ವರ್ಷ ಬೆಟ್ಟದ ಕೆಳಗೆ ದ್ರಾಕ್ಷಿ ಗೊಂಚಲು ಸೇರಿಸಿದರು. ಶಿಡ್ಲಘಟ್ಟದ ರೇಷ್ಮೆಯವರಿಗೆ ಸಿಟ್ಟು ಬಂತು: ನಾವೇನು ಹುಲ್ಲು ಬೆಳೀತೀವಾ ಅಂದರು. ಗೊಂಚಲು ಹೋಯಿತು. ಕೊನೆಗೆ ಎಲ್ಲರಿಗೂ ಸಾಕಾಗಿ, 2004ರ ರಾಜ್ಯೋತ್ಸವದ ದಿನ ಬೆಟ್ಟ ತೆಗೆದು ಹಳದಿ ರೇಷ್ಮೆಗೂಡು ಇಟ್ಟರು.

"ಗೂಡು ಇಟ್ಟಿದ್ದು ಎಡಗಡೆ," ಎಂದಳು ಆಂಜಿನಮ್ಮ.

"ಎಡಗಡೆ. ಬಲಮೂಲೆಯಲ್ಲಿ ಕೇಬಲ್‌ನವರು ತಮ್ಮ ಜಾಹೀರಾತು ಅಂಟಿಸ್ತಾ ಇದ್ರು, ನಮ್ಮ ಬೊಟ್ಟು ಮುಚ್ಚಿಹೋಗ್ತಿತ್ತು. ಅದಕ್ಕೇ ಅವತ್ತಿಂದ ಜಾಗ ಬದಲಾಯಿಸಿದ್ವಿ."

"ಹಂಗಾದ್ರೆ ಬೆಟ್ಟ ಯಾವತ್ತೂ ಎಡಗಡೆ ಇರಲೇ ಇಲ್ಲ."

"ಇರಲಿಲ್ಲ..." ನಲ್ಲಪ್ಪನವರ ಮಾತು ಅಲ್ಲೇ ಸಿಕ್ಕಿಕೊಂಡಿತು. ಅವರು ಎದ್ದು ನಿಂತರು. "ಇತ್ತು. ಅಮ್ಮಾ, ಇತ್ತು! ಕರೆಂಟು ಹೋದಾಗ!"

ಹೇಳುವವರು ಹೇಳುತ್ತಿರುವಾಗ ಕೇಳುವವರು ಬಾಯಿ ಹಾಕಬಾರದು. ಮೂವತ್ತು ವರ್ಷದ ಪೊಲೀಸ್ ಕೆಲಸ ಆಂಜಿನಮ್ಮನಿಗೆ ಕಲಿಸಿದ್ದರಲ್ಲಿ ಒಳ್ಳೆಯದು ಇದೊಂದೇ.

"ಆ ಯಂತ್ರದ ಒಳಗೆ ಒಂದು ಬ್ಯಾಟರಿ ಸತ್ತಿತ್ತು. ಹೊಸ ಚಿತ್ರ ಅದರ ನೆನಪಲ್ಲಿ ನಿಲ್ತಿರಲಿಲ್ಲ. ಕರೆಂಟು ಹೋಗಿ ಜನರೇಟರ್ ಹತ್ತಿದ್ರೆ ಹಳೇ ಬೆಟ್ಟನೇ ಬರ್ತಿತ್ತು. ನಾನು ಗೂಡಿನ ಚಿತ್ರ ಇರೋ ಫ್ಲಾಪಿ ತಂದು ಹಾಕೋವರೆಗೂ ಬೆಟ್ಟನೇ."

"ಜಾಗ?"

"ಜಾಗಕ್ಕೆ ನೆನಪು ಯಾಕಮ್ಮ? ಅದು ಮುಂದಿರೋ ಸ್ಕ್ರೂ. ತಿರುಗಿಸಿ ಬಿಟ್ಟಲ್ಲೇ ಇರ್ತದೆ. ಚಿತ್ರ ಹಳೇದು, ಜಾಗ ಹೊಸದು."

ಸೌಜನ್ಯಳ ಕೈ ಆಂಜಿನಮ್ಮನ ತೋಳು ಹಿಡಿಯಿತು. "ಟೇಪ್ ಎಡಬಲ ತಿರುಗಿ, ಕನ್ನಡಿ ಥರ ಬಂದಿರಬಹುದಲ್ವಾ? ನಾಳೆ ಎದುರು ವಕೀಲರು ಹಾಗೇ ಕೇಳ್ತಾರೆ."

"ಕೇಳಲಿ. ನಿಮ್ಮಮ್ಮನ ಹಿಂದಿನ ಪರದೆ ನೋಡು. 'ಐದುಬೆಟ್ಟ ವಾಹಿನಿ' ಅಂತ ನೆಟ್ಟಗೇ ಓದಕ್ಕಾಗ್ತದೆ." ಆಂಜಿನಮ್ಮ ನಲ್ಲಪ್ಪನವರ ಕಡೆ ತಿರುಗಿದಳು. "ಬ್ಯಾಟರಿ ಯಾವಾಗ ಹಾಕಿದ್ರಿ?"

ನಲ್ಲಪ್ಪ ಒಳಗೆ ಹೋಗಿ ಕರೆಂಟು ಹೋಗಿಬಂದ ಹೊತ್ತು ಬರೆದಿಡುವ ಉದ್ದನೆಯ ಪುಸ್ತಕ ತಂದರು. ನಿವೃತ್ತಿಯ ದಿನ ಎಲ್ಲರೂ ಶಾಲು ಹಾರ ತಂದರೆ ಅವರು ಇದನ್ನು ಮನೆಗೆ ತಂದಿದ್ದರು. ನವೆಂಬರ್ ಒಂದು, ಎರಡು: ಕರೆಂಟು ಹೋಗಿಲ್ಲ. ಮೂರು, ಬುಧವಾರ: ಬೆಳಿಗ್ಗೆ ಹತ್ತು ಐವತ್ತಕ್ಕೆ ಹೋಗಿ ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಬಂದಿದೆ. ನಾಲ್ಕು, ಗುರುವಾರ: ಯಂತ್ರಕ್ಕೆ ಹೊಸ ಬ್ಯಾಟರಿ.

ಎಡಮೂಲೆಯಲ್ಲಿ ಐದು ಬೆಟ್ಟ ಕೂತಿದ್ದು ಜಗತ್ತಿನಲ್ಲಿ ಆ ಎರಡೂವರೆ ಗಂಟೆ ಮಾತ್ರ.

"ಅವತ್ತು ಆ ಹೊತ್ತಲ್ಲಿ ಸ್ಟೇಷನ್ನಲ್ಲಿ ಯಾರಿದ್ರು?"

"ನಾನು ಹಿತ್ತಲಲ್ಲಿ ಜನರೇಟರ್ ಹತ್ರ. ಕೈ ಬಿಟ್ರೆ ನಿಂತುಹೋಗ್ತಿತ್ತು ಮುದಿ ಮುಂಡೇದು. ಮಿಕ್ಕೋರೆಲ್ಲ ಶೂಟಿಂಗಿಗೆ ಹೋಗಿದ್ರು. ಒಳಗಿದ್ದೋರು ಒಬ್ಬರೇ." ನಲ್ಲಪ್ಪ ಪುಸ್ತಕ ಮುಚ್ಚಿದರು. "ಮೋಹನ್‌ಬಾಬು."

ಬಸ್ಸಿನಲ್ಲಿ ಸೌಜನ್ಯ ಕಿಟಕಿಯ ಕಡೆ ಕೂತು ಬೆರಳು ಮಡಿಸುತ್ತಿದ್ದಳು.

"ಚಾರ್ಜ್‌ಶೀಟಲ್ಲಿ ಅಪ್ಪ ಅಕ್ಟೋಬರ್ ಇಪ್ಪತ್ತೆಂಟರ ರಾತ್ರಿ ಕೊಂದ್ರು ಅಂತ ಇದೆ. ಇಪ್ಪತ್ತೊಂಬತ್ತಕ್ಕೆ ಅಮ್ಮ ಎಲ್ಲಿ ಅಂತ ಮಾವಂದಿರ ಜೊತೆ ಜಗಳವಾಗಿ ಅಪ್ಪನ್ನ ಪೊಲೀಸರು ಹಿಡ್ಕೊಂಡು ಹೋದ್ರು. ನವೆಂಬರ್ ಒಂಬತ್ತರವರೆಗೂ ಸಬ್‌ಜೈಲು. ಅಮ್ಮ ಮೂರನೇ ತಾರೀಕು ಬದುಕಿದ್ರೆ..."

"ಕೇಸಿನ ಬುಡನೇ ಅಲ್ಲಾಡ್ತದೆ."

"ಆಂಟಿ, ನಮ್ಮನೆಗೆ ಬಂದ ನೆಂಟರು ಅಪ್ಪನ ಕೈಯಿಂದ ನೀರು ಕುಡೀತಿರಲಿಲ್ಲ. ನಾನೇ ಹೋಗಿ ಕೊಡಬೇಕಿತ್ತು. ಆರು ವರ್ಷದ ಹುಡುಗಿ ನಾನು, ಚೊಂಬು ಹಿಡ್ಕೊಂಡು."

ಆಂಜಿನಮ್ಮ ನಲ್ಲಪ್ಪನವರ ಪುಸ್ತಕವನ್ನು ಮಡಿಲಲ್ಲಿ ಸರಿಮಾಡಿಕೊಂಡಳು. 'ಹಳೇ ಟೇಪು' ಎಂದು ಬರೆದ ಎರಡು ಪದದ ಭಾರ ಎಷ್ಟು ಎಂದು ಯಾರಾದರೂ ಅವತ್ತೇ ತೂಗಿ ತೋರಿಸಿದ್ದರೆ ಚೆನ್ನಾಗಿತ್ತು. ಬಸ್ಸು ಮಂಚೇನಹಳ್ಳಿ ದಾಟಿತು. ಅವಳಿಗೆ ನಿದ್ದೆ ಬರುವಂತಿತ್ತು, ಬರಲಿಲ್ಲ.

ಐದುಬೆಟ್ಟ ವಾಹಿನಿ ಮುಚ್ಚಿ ತಿಂಗಳಾಗಿತ್ತು. ಪಡಸಾಲೆಯಲ್ಲಿ ಟೇಪುಗಳನ್ನು ಗೋಣಿಚೀಲಕ್ಕೆ ತುಂಬಿ ಗುಜರಿಗೆ ಕಟ್ಟಿಟ್ಟಿದ್ದರು. ಆಗ ಕಾರ್ಯಕ್ರಮಗಳ ಮುಖ್ಯಸ್ಥರಾಗಿದ್ದ ಮೋಹನ್‌ಬಾಬು ಈಗ ಟ್ರಸ್ಟಿನ ಕಾರ್ಯದರ್ಶಿ. ಎಪ್ಪತ್ತರ ಮೇಲೆ ವಯಸ್ಸು, ಇಸ್ತ್ರಿಯ ಬಿಳಿ ಅಂಗಿ. ಟೇಪಿಗೆಂದು ಬಂದುಹೋದ ಹನ್ನೊಂದು ದಿನದಲ್ಲಿ ಈ ಮನುಷ್ಯ ಒಂದು ಸಲವೂ ಆಂಜಿನಮ್ಮನ ಮುಖ ನೋಡಿ ಮಾತಾಡಿರಲಿಲ್ಲ. ದೊಡ್ಡವರ ಜಂಬ ಎಂದು ಅವಳು ಬಿಟ್ಟಿದ್ದಳು.

"ಕೂತ್ಕೋಮ್ಮ," ಎಂದರು ಅವರು ಸೌಜನ್ಯಳಿಗೆ. ಆಂಜಿನಮ್ಮ ತಾನೇ ಕುರ್ಚಿ ಎಳೆದುಕೊಂಡಳು.

"ಒಂದು ಹೇಳಿಕೆ ಬರ್ಕೊಡ್ಬೇಕು ಸಾರ್."

"ಏನಂತ?"

"ಕವಿತಂದು ಒಂದು ಟೇಪೈತಲ್ಲ, ದನಿ ಇಲ್ದಿರೋದು. ಅದು ನವೆಂಬರ್ ಮೂರನೇ ತಾರೀಕಿಂದು ಅಂತ."

"ಅದು ಹಳೇ ಟೇಪಲ್ವಾ? ನೀವೇ ಬರೆದಿದ್ರಿ." ಆ 'ನೀವೇ' ಎಂಬುದರಲ್ಲಿ ಮುಳ್ಳಿತ್ತು.

"ತಪ್ಪು ಬರೆದಿದ್ದೆ."

"ಇಪ್ಪತ್ತೊಂದು ವರ್ಷಕ್ಕೆ ಗೊತ್ತಾಯ್ತಾ?"

"ನಿಧಾನ ಬುದ್ಧಿ ಸಾರ್ ನಂದು." ಆಂಜಿನಮ್ಮ ಮೊಬೈಲಿನಲ್ಲಿ ತೆಗೆದಿದ್ದ ಪರದೆಯ ಚಿತ್ರವನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ನಲ್ಲಪ್ಪನವರ ಪುಸ್ತಕ ಬಿಚ್ಚಿದಳು. "ಎಡಗಡೆ ಬೆಟ್ಟ ನೋಡಿ. ಕರೆಂಟು ಹೋದ ಹೊತ್ತು ನೋಡಿ. ಒಳಗೆ ನೀವೊಬ್ಬರೇ ಇದ್ರಿ. ಅಕ್ಟೋಬರ್ ಇಪ್ಪತ್ತೆಂಟರ ಮೇಲೆ ಅವಳು ಸ್ಟೇಷನ್ನಿಗೆ ಕಾಲಿಡಲಿಲ್ಲ ಅಂತ ಸಹಿ ಹಾಕಿ ಹೇಳಿದ್ದೀರಿ."

ಮೋಹನ್‌ಬಾಬು ಚಿತ್ರ ನೋಡಿದರು. ಪುಸ್ತಕ ನೋಡಲಿಲ್ಲ. ಮೇಲೆ ಫ್ಯಾನು ಟಕಟಕ ಎನ್ನುತ್ತಿತ್ತು.

"ನಾನಲ್ಲಮ್ಮ ಕೊಂದಿದ್ದು," ಎಂದರು, ಸೌಜನ್ಯಳಿಗೆ.

"ಕೊಂದ್ರಿ ಅಂತ ಯಾರೂ ಅನ್ನಲಿಲ್ಲ," ಎಂದಳು ಆಂಜಿನಮ್ಮ. "ಬಂದಿದ್ಲಾ?"

"ಬಂದಿದ್ಲು."

ಸೌಜನ್ಯಳ ಉಸಿರು ಕೇಳಿಸಿತು.

"ಗಂಡನ ಜೊತೆ ಮಾತು ಬೆಳೆದು, ಬೆಂಗಳೂರಲ್ಲಿ ಸ್ನೇಹಿತೆ ಮನೆಗೆ ಹೋಗಿ ಐದು ದಿನ ಇದ್ಲಂತೆ. ಗಂಡ ಜೈಲಲ್ಲಿದ್ದಾನೆ ಅಂತ ಅವತ್ತು ಬೆಳಿಗ್ಗೆ ಗೊತ್ತಾಗಿ ಓಡಿ ಬಂದಿದ್ಲು. ನೇರ ಬಂದು ಕ್ಯಾಮೆರಾ ಮುಂದೆ ಕೂತ್ಲು. 'ಸಾರ್, ನಾನು ಬದುಕಿದ್ದೀನಿ ಅಂತ ಊರಿಗೆಲ್ಲ ಹೇಳಿಬಿಡ್ತೀನಿ, ಅವರನ್ನ ಬಿಟ್ಟುಬಿಡ್ಲಿ' ಅಂದ್ಲು."

"ನೀವು?"

"ಮನೆ ಜಗಳನ ಸಾರ್ವಜನಿಕ ಟಿವಿಯಲ್ಲಿ ಬಿಟ್ಟರೆ ಟ್ರಸ್ಟಿನವರು ನನ್ನ ಬಿಡ್ತಾರಾ? ಬೇಡ ಅನ್ನಕ್ಕೂ ಮನಸ್ಸು ಬರಲಿಲ್ಲ, ಅವಳ ಮುಖ ಹಂಗಿತ್ತು. ಚಿತ್ರ ಬಿಟ್ಟೆ. ದನಿ ಇಳಿಸಿಬಿಟ್ಟೆ." ಅವರು ಕೈ ನೋಡಿಕೊಂಡರು. "ಊರಲ್ಲಿ ಕರೆಂಟೂ ಇರಲಿಲ್ಲವಲ್ಲ. ಯಾರು ನೋಡ್ತಾರೆ ಅಂದ್ಕೊಂಡೆ. ಮೂರು ನಿಮಿಷ ಮಾತಾಡಿದ್ಲು ಪಾಪ. ಕೈ ಮುಗಿದು ಎದ್ಲು."

ಸೌಜನ್ಯ ಮುಖ ಮುಚ್ಚಿಕೊಂಡಳು. ಆಂಜಿನಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಬಿಸಿಯಾಗಿತ್ತು, ಜ್ವರ ಬಂದವರ ಹಾಗೆ.

"ಪ್ರಸಾರವಾಗಿದ್ದೆಲ್ಲ ತಾನಾಗೇ ಟೇಪಿಗೆ ಇಳೀತಿತ್ತು. ಅದೂ ಇಳೀತು. ಆಮೇಲೆ ಪೊಲೀಸರು ಟೇಪು ಕೇಳಿದಾಗ, ಹನ್ನೆರಡರ ನಡುವೆ ಅದನ್ನ ನಾನೇ ಸೇರಿಸಿದೆ. ಬಾಯಿಬಿಟ್ಟು ಹೇಳಕ್ಕೆ ಧೈರ್ಯ ಇರಲಿಲ್ಲ. ನೋಡಿದೋರಿಗೆ ಗೊತ್ತಾಗ್ಲಿ ಅಂತ. ಮೂಲೆಯಲ್ಲಿ ಬೆಟ್ಟ ಎಡಗಡೆ ಕೂತಿತ್ತಲ್ಲ, ಕಣ್ಣಿದ್ದೋರಿಗೆ ಕಾಣಲ್ವಾ? ನೀವು 'ಹಳೇ ಟೇಪು' ಅಂತ ಬರೆದು ವಾಪಸ್ ಕಳಿಸಿದ್ರಿ. ಆಗ ನನಗೆ ಅರ್ಥವಾಯ್ತು."

"ಏನು ಅರ್ಥವಾಯ್ತು?"

"ಬೇಕಂತಲೇ ಮುಚ್ತಿದ್ದೀರಿ ಅಂತ."

ಆಂಜಿನಮ್ಮ ಕುರ್ಚಿಯಲ್ಲಿ ಮುಂದೆ ಬಾಗಿದಳು. "ನಾನ್ಯಾಕೆ ಮುಚ್ಲಿ ಸಾರ್? ನೋಡಕ್ಕೆ ಬರಲಿಲ್ಲ ನನಗೆ, ಅಷ್ಟೇ."

ಮೋಹನ್‌ಬಾಬು ಮೊದಲ ಸಲ ತಲೆ ಎತ್ತಿ ಅವಳ ಮುಖ ನೋಡಿದರು. ಆ ನೋಟದಲ್ಲಿ ಜಂಬ ಇರಲಿಲ್ಲ. ಭಯವಿತ್ತು. ಹಳೆಯದಾಗಿ, ಸವೆದು, ಮನೆಯ ಪಾತ್ರೆಯಂತೆ ಬಳಕೆಯಾದ ಭಯ.

"ಇಷ್ಟು ವರ್ಷ ನಾನು ಸುಮ್ಮನಿದ್ದಿದ್ದೇ ನಿಮಗೆ ಹೆದರಿ," ಎಂದರು. "ಈಗ ನೀವೇ ಬಂದು ಬರಿ ಅಂತೀರಿ. ಬರೀತೀನಿ. ಎಲ್ಲ ಬರೀತೀನಿ. ಟಿವಿಯಲ್ಲಿ ಹೇಳಿದ್ರೆ ಆಗಲ್ಲಮ್ಮ, ಪೊಲೀಸರ ಹತ್ರ ಹೋಗಿ ಹೇಳು ಅಂತ ಅವಳನ್ನ ಕಳಿಸಿದೋನು ನಾನು. ಹೊರಠಾಣೆ ಎರಡು ಬೀದಿ ಆಚೆ. ಗೇಟಿನವರೆಗೂ ಜೊತೆಗೆ ಹೋದೆ. ಹನ್ನೆರಡು ಗಂಟೆ ಇರಬೇಕು. ಗೇಟಲ್ಲಿ ಒಬ್ಬ ಹೆಣ್ಣು ಪೊಲೀಸ್ ನಿಂತಿದ್ಲು. ಕವಿತ ಹೆಸರು ಹೇಳಿದ್ದೇ ತಡ, ಕೈ ಹಿಡಿದು ಒಳಗೆ ಕರ್ಕೊಂಡು ಹೋದ್ಲು. ಅದೇ ಕೊನೆ."

"ಯಾರು?" ಎಂದಳು ಸೌಜನ್ಯ. "ಯಾವ ಪೊಲೀಸ್?"

"ಟೋಪಿ ಹುಬ್ಬಿನವರೆಗೂ ಇಳಿದಿತ್ತಮ್ಮ, ಮುಖ ಸರಿಯಾಗಿ ಕಾಣಲಿಲ್ಲ. ಎದೆ ಮೇಲಿನ ಪಟ್ಟಿ ಓದಿದೆ." ಮೋಹನ್‌ಬಾಬು ಬೆರಳು ಎತ್ತಿದರು. "ಆಂಜಿನಮ್ಮ ಅಂತಿತ್ತು."

ಹೊರಗೆ ಪಡಸಾಲೆಯಲ್ಲಿ ಯಾರೋ ಗೋಣಿಚೀಲ ಎಳೆದರು.

ಆ ಹೊರಠಾಣೆಯಲ್ಲಿ ಹೆಣ್ಣು ಪೊಲೀಸ್ ಎಂದು ಇದ್ದವಳು ಅವಳೊಬ್ಬಳೇ. ಆದರೆ ಆ ಬುಧವಾರ ಅವಳು ಅಲ್ಲಿರಲಿಲ್ಲ. ಮಗನಿಗೆ ಮೈತುಂಬ ಗುಳ್ಳೆ, ಅಮ್ಮ ಎದ್ದಿತ್ತು. ಅಮ್ಮ ಬಂದ ಮನೆಯವಳು ಠಾಣೆಗೆ ಬಂದರೆ ಮಿಕ್ಕವರ ಮಕ್ಕಳಿಗೂ ತಗಲುತ್ತದೆಂದು ಎಲ್ಲರಿಗೂ ಅಂಜಿಕೆ. ರಜೆ ಬರೆದರೆ ಸಂಬಳ ಕತ್ತರಿ. ಹಾಗಾಗಿ ನಾಲ್ಕು ದಿನದ ಹಾಜರಿಗೆ ಮೊದಲೇ ಸಹಿ ಹಾಕಿಸಿ, ಹೋಗಮ್ಮ, ಮಗೂನ ನೋಡ್ಕೋ ಎಂದು ಕಳಿಸಿದ್ದರು. ಎಲ್ಲ ಠಾಣೆಯಲ್ಲೂ ಎಲ್ಲರೂ ಮಾಡುತ್ತಿದ್ದುದೇ. ಬೇವಿನ ಸೊಪ್ಪು ಕಟ್ಟಿದ ಮನೆಯೊಳಗೆ ಯೂನಿಫಾರಂ ಒಯ್ಯುವುದು ಬೇಡವೆಂದು ಖಾಕಿಯನ್ನು, ಹೆಸರಿನ ಪಟ್ಟಿ ಸಮೇತ, ಠಾಣೆಯ ಗೋಡೆಯ ಮೊಳೆಗೆ ನೇತುಹಾಕಿ ಹೋಗಿದ್ದಳು.

ಶುಕ್ರವಾರ ವಾಪಸು ಬಂದಾಗ ಖಾಕಿ ಮೊಳೆಯ ಮೇಲೆ ಇರಲಿಲ್ಲ. ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಅವಳ ಮೇಜಿನ ಮೇಲೆ ಮಡಿಸಿಟ್ಟಿದ್ದರು. ಯಾರೋ ಪುಣ್ಯಾತ್ಮರು, ನನ್ನ ಕಷ್ಟ ನೋಡಿ ಮಾಡಿದ್ದಾರೆ ಎಂದು ಅವತ್ತು ಅವಳ ಕಣ್ಣು ತುಂಬಿತ್ತು. ಒಗೆಯುವ ಮೊದಲು ಯಾರೋ ಅದನ್ನು ಹಾಕಿಕೊಂಡಿದ್ದರೆಂದು ಹೊಳೆದಿದ್ದು ಈಗ.

"ಆಂಟಿ," ಎಂದಳು ಸೌಜನ್ಯ. ಅವಳ ಬೆನ್ನು ಆಂಜಿನಮ್ಮನ ಕೈಯಿಂದ ಯಾವಾಗಲೋ ಜಾರಿಹೋಗಿತ್ತು; ಕುರ್ಚಿ ಎರಡಡಿ ಆಚೆ ಸರಿದಿತ್ತು. "ಆ ದಿನ ನೀವು ಎಲ್ಲಿದ್ರಿ?"

"ಮನೇಲಿದ್ದೆ ಕಣಮ್ಮ."

"ರಿಜಿಸ್ಟರಲ್ಲಿ?"

ಆಂಜಿನಮ್ಮ ಆ ಹುಡುಗಿಗೆ ಬೇರೆ ಏನು ಸುಳ್ಳು ಹೇಳಿದರೂ ನಡೆಯುತ್ತಿತ್ತು, ಇದೊಂದು ನಡೆಯುತ್ತಿರಲಿಲ್ಲ. "ರಿಜಿಸ್ಟರಲ್ಲಿ ಠಾಣೇಲಿದ್ದೆ. ನನ್ನದೇ ಸಹಿ."

ಮೋಹನ್‌ಬಾಬು ಬಿಳಿ ಹಾಳೆ ಎಳೆದುಕೊಂಡರು. ತಾರೀಕು ಬರೆದರು. ಟೇಪಿನ ವಿಷಯ ಬರೆದರು, ಲೋಗೊ ವಿಷಯ, ಕರೆಂಟಿನ ವಿಷಯ. ಅಷ್ಟಕ್ಕೇ ಸಹಿ ಹಾಕಿದರೆ ಕವಿತ ಅವತ್ತು ಬದುಕಿದ್ದಳೆಂದಷ್ಟೇ ಆಗುತ್ತದೆ. ಆಮೇಲೆ ಎಲ್ಲಿ ಹೋದಳೆಂದು ಎದುರು ವಕೀಲರು ಕೇಳದೆ ಬಿಡುವುದಿಲ್ಲ. ಗೇಟಿನವರೆಗಿನ ಮಾತು ಪೂರ್ತಿ ಬಂದರೇ ಸುನೀಲ್‌ಕುಮಾರ್ ಜೈಲಿನಿಂದ ಮೇಲೂರಿನ ಮನೆಗೆ ಹೋಗುತ್ತಾನೆ. ಅವನು ಬಿಟ್ಟುಹೋದ ಆರೋಪಿಯ ಜಾಗ ಖಾಲಿ ಇರುವುದಿಲ್ಲವೆಂದು ಮೂವತ್ತು ವರ್ಷ ಖಾಕಿ ಹಾಕಿದವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪೆನ್ನು ನಿಂತಿತು.

"ಗೇಟಿನ ವಿಷಯ?" ಮೋಹನ್‌ಬಾಬು ಕೇಳಿದರು. "ಅದನ್ನೂ ಬರೀಲಾ?"

ಸೌಜನ್ಯ ಅವಳನ್ನೇ ನೋಡುತ್ತಿದ್ದಳು.

"ಬರೀರಿ," ಎಂದಳು ಆಂಜಿನಮ್ಮ. "ಪಟ್ಟಿ ಮೇಲಿದ್ದ ಹೆಸರು ಸಮೇತ ಬರೀರಿ."